ಯಾರ ಮಿದುಳು?

ಮಿದುಳನ್ನು ಕುರಿತ ಬರಹಗಳಲ್ಲಿ ಪ್ರಯೋಗಕ್ಕೊಳಗಾದ ಪ್ರಾಣಿಯ ಹೆಸರು ಆರಂಭದಲ್ಲಿ ಕಾಣಿಸಿಕೊಂಡು, ನಿರ್ಣಯವನ್ನು ಹೇಳುವ ವೇಳೆಗೆ ಮರೆಯಾಗುವುದುಂಟು. ಆಮೇಲೆ ಉಳಿಯುವುದು 'ಮಿದುಳು' ಎಂಬ ಒಡೆಯನಿಲ್ಲದ ಮಾತು. ಇತಿಹಾಸದ ವ್ಯಾಸಂಗಿಗಳಾದ ನಾವು ಈ ರೂಢಿಯನ್ನು ಆಧಾರಪರೀಕ್ಷೆಯ ದೃಷ್ಟಿಯಿಂದ ವಿಮರ್ಶಿಸಬಯಸುತ್ತೇವೆ.

ದೋಷವೇನೂ ಹೊಸದಲ್ಲ. ಎರಡನೆಯ ಶತಮಾನದ ವೈದ್ಯ ಗೇಲನನು ದನವೇ ಮೊದಲಾದ ಪ್ರಾಣಿಗಳ ತಲೆಯಲ್ಲಿ ಕಂಡ ರಕ್ತನಾಳಗಳ 'ಅದ್ಭುತ ಜಾಲ'ವನ್ನು ಮನುಷ್ಯನಿಗೂ ಆರೋಪಿಸಿದನು. ವೆಸೇಲಿಯಸನು 1543ರ ತನ್ನ ಗ್ರಂಥದಲ್ಲಿ ಅದನ್ನು ನಿರಾಕರಿಸುವ ವೇಳೆಗೆ ಹದಿಮೂರು ಶತಮಾನಗಳೇ ಕಳೆದಿದ್ದವು.

ಈಗಿನ ಪ್ರಶ್ನೆ ಇನ್ನೂ ಸೂಕ್ಷ್ಮವಾದುದು. ನರಕೋಶಗಳಲ್ಲಿ ರಾಸಾಯನಿಕ ಸಂದೇಶವನ್ನು ಹಿಡಿಯುವ ಪ್ರೋಟೀನುಗಳಿಗೆ ಗ್ರಾಹಕಗಳೆಂದು ಹೆಸರು. ಅವು ಮಿದುಳಿನ ಯಾವ ಭಾಗದಲ್ಲಿ ಎಷ್ಟಿವೆ ಎಂಬುದು ಪ್ರಾಣಿಯಿಂದ ಪ್ರಾಣಿಗೆ ಬೇರೆಯಾಗಬಹುದು. ಸೆರೊಟೋನಿನ್ನಿನ ಆರನೆಯ ಬಗೆಯ ಗ್ರಾಹಕವನ್ನೇ ತೆಗೆದುಕೊಳ್ಳೋಣ. 2003ರಲ್ಲಿ ಪ್ರಕಟವಾದ ಒಂದು ತುಲನೆಯಂತೆ, ಅದು ಮನುಷ್ಯನಲ್ಲಿಯೂ ರ್ಯಾಟ್ ಎಂಬ ದೊಡ್ಡ ಇಲಿಯಲ್ಲಿಯೂ ಮಿದುಳಿನ ಆಳದ ಸ್ಟ್ರಯೇಟಮ್ ಭಾಗದಲ್ಲಿ ದಟ್ಟವಾಗಿದೆ. ಮೌಸ್ ಎಂಬ ಸಣ್ಣ ಇಲಿಯಲ್ಲಿ ಆ ದಟ್ಟಣೆಯಿಲ್ಲ. ಎರಡೇ ಅಮೈನೋ ಆಮ್ಲಗಳ ವ್ಯತ್ಯಾಸದಿಂದ ಅದಕ್ಕೆ ಕೆಲವು ಔಷಧಗಳು ಅಂಟಿಕೊಳ್ಳುವ ಬಗೆಯೂ ಬೇರೆ. ನಮ್ಮ ಕನ್ನಡ ಲೇಖಕರಾದರೋ ಎರಡನ್ನೂ 'ಇಲಿ'ಯೆಂದು ಕರೆದು ಮುಂದೆ ಸಾಗುತ್ತಾರೆ! ಇಲ್ಲಿ ಇಡೀ ವಾದವೇ ಆ ಒಂದು ಪದದಲ್ಲಿ ಮುಳುಗಿಹೋಗುತ್ತದೆ. ಮನುಷ್ಯನ ಮತ್ತು ಮೌಸಿನ ಮಿದುಳಿನ ಹೊರಪದರಗಳನ್ನು ಹೋಲಿಸಿದ 2019ರ ಅಧ್ಯಯನವೂ ಜೀವಕೋಶಗಳ ಬಗೆಗಳು ಬಹುಮಟ್ಟಿಗೆ ಸಮಾನವೆಂದೂ, ಅತಿಹೆಚ್ಚು ಭೇದ ತೋರುವ ಜೀನುಗಳಲ್ಲಿ ಸೆರೊಟೋನಿನ್ ಗ್ರಾಹಕಗಳವೂ ಸೇರಿವೆಯೆಂದೂ ಹೇಳಿತು.

ಹಾಗೆಂದು ಮಾನವ ಮಿದುಳಿನ ಅಂಕಿಗಳೆಲ್ಲ ನಿರ್ದುಷ್ಟವೆನ್ನಲಾಗದು. ಪ್ರಯೋಗಾಲಯದ ಪ್ರಾಣಿ ಸಾಮಾನ್ಯವಾಗಿ ಎಳೆಯದು, ಒಂದೇ ತಳಿಯದು. ಅದರ ಅಂಗಾಂಶ ಕೂಡಲೇ ದೊರೆಯುತ್ತದೆ. ಮನುಷ್ಯನ ಅಂಗಾಂಶವಾದರೋ ಬಹುಮಟ್ಟಿಗೆ ಮರಣಾನಂತರದ್ದು. ವೃದ್ಧಾಪ್ಯ, ಕೊನೆಯ ರೋಗ, ಸೇವಿಸಿದ ಔಷಧ, ಕಳೆದ ಗಂಟೆಗಳು ಎಲ್ಲವೂ ಅದರಲ್ಲಿ ಗುರುತು ಬಿಟ್ಟಿರುತ್ತವೆ. ಮೂಲಶಾಸನವೇ ಸವೆದಿರುವಾಗ ಪ್ರತಿಯೊಡನೆ ಹೋಲಿಸುವ ಕಷ್ಟವನ್ನು ನಮ್ಮ ಶಾಖೆಯವರು ಬಲ್ಲರು.

ಇದು ಕೇವಲ ಪಾಂಡಿತ್ಯದ ಚರ್ಚೆಯಲ್ಲ. ಇದೇ ಗ್ರಾಹಕವನ್ನು ತಡೆಯುವ ಐಡಲೋಪಿರ್ಡೀನ್ ಎಂಬ ಔಷಧವನ್ನು ಆಲ್ಜೈಮರ್ ರೋಗದ 2,500ಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಲಾಯಿತು. 2018ರಲ್ಲಿ ಪ್ರಕಟವಾದ ಫಲಿತಾಂಶಗಳಲ್ಲಿ ಅವರ ಬುದ್ಧಿಶಕ್ತಿಯ ಕುಸಿತ ತಗ್ಗಿದುದು ಕಂಡುಬರಲಿಲ್ಲ. ಪ್ರಾಣಿಭೇದವೇ ಇದಕ್ಕೆ ಕಾರಣವೆಂದು ಕೆಲವರು ಹೇಳಿಬಿಡಬಹುದು. ಅದೂ ಅವಸರದ ಮಾತೇ. ಈ ಗ್ರಾಹಕದ ಹಂಚಿಕೆಯಲ್ಲಿ ರ್ಯಾಟ್ ಮನುಷ್ಯನನ್ನು ಹೋಲುತ್ತದೆ, ನಿಜ. ಆದರೆ ಮುಪ್ಪಿನಲ್ಲಿ ಮನುಷ್ಯನಿಗೆ ಬರುವ ಆ ರೋಗ ರ್ಯಾಟಿಗೆ ತಾನಾಗಿ ಬರುವುದಿಲ್ಲ.