ಆರೋಗ್ಯ ಮಾಹಿತಿಯ ಕನ್ನಡ: ರೋಣ, ನರಗುಂದ, ಗಜೇಂದ್ರಗಡದ ನೀರಿನ ನಿದರ್ಶನ

ಸಾರ್ವಜನಿಕರಿಗಾಗಿ ಪ್ರಕಟವಾಗುವ ಕರಪತ್ರ, ಭಿತ್ತಿಪತ್ರ, ಗೋಡೆಬರಹಗಳನ್ನು ನಾವು ಸಾಮಾನ್ಯವಾಗಿ ಒಂದೇ ಅಳತೆಗೋಲಿನಿಂದ ಅಳೆಯುತ್ತೇವೆ: ಅದರಲ್ಲಿ ಹೇಳಿರುವ ವಿಜ್ಞಾನ ಸರಿಯೇ, ಅಂಕಿ ಅಂಶಗಳು ನಿಖರವೇ? ಈ ಅಳತೆಗೋಲು ಬೇಕು. ಆದರೆ ಅದೊಂದೇ ಸಾಲದು. ಅದನ್ನು ಓದಿದವರು ಅಥವಾ ಓದಿಸಿ ಕೇಳಿದವರು ಮರುದಿನ ಬೆಳಿಗ್ಗೆ ಏನು ಮಾಡುತ್ತಾರೆ ಎಂಬುದು ಎರಡನೆಯ ಅಳತೆಗೋಲು. ನಮ್ಮ ಆರೋಗ್ಯ ಸಾಹಿತ್ಯದ ಬಹುಪಾಲು ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಎರಡನೆಯದರಲ್ಲಿ ಎಡವುತ್ತದೆ. ಎಡವಿಗೆ ಕಾರಣ ವಿಷಯವಲ್ಲ, ಪದ. ಈ ಮಾತನ್ನು ಪರಿಶೀಲಿಸಲು ಗದಗ ಜಿಲ್ಲೆಯ ಉತ್ತರ ಮತ್ತು ಪೂರ್ವ ಭಾಗದ ಮೂರು ತಾಲ್ಲೂಕುಗಳು, ಅಂದರೆ ರೋಣ, ನರಗುಂದ ಮತ್ತು 2017ರಲ್ಲಿ ಘೋಷಣೆಯಾದ ಹೊಸ ತಾಲ್ಲೂಕು ಗಜೇಂದ್ರಗಡ, ಒಳ್ಳೆಯ ನಿದರ್ಶನ ಒದಗಿಸುತ್ತವೆ. ಅಲ್ಲಿನ ವಿಷಯ ನೀರು.

ಗದಗ ಜಿಲ್ಲೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಮಿತಿಗಿಂತ ಹೆಚ್ಚಾಗಿದೆ. ಎರೆ ಭೂಮಿಯ ಕಡೆ ಬಾವಿ, ಕೊಳವೆಬಾವಿಗಳಲ್ಲಿ ಸವುಳು ನೀರೂ ಸಾಮಾನ್ಯ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲವೆಂದಾಗ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗದರ್ಶಿ ಮಿತಿಯೂ 1.5 ಮಿಲಿಗ್ರಾಂ. ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ, ಸುಮಾರು 8 ವರ್ಷದೊಳಗೆ, ಇದಕ್ಕಿಂತ ಹೆಚ್ಚು ಫ್ಲೋರೈಡ್ ಸೇರಿದರೆ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಪಟ್ಟೆಗಳು ಮೂಡುತ್ತವೆ. ಪ್ರಮಾಣ ಇನ್ನೂ ಹೆಚ್ಚಾಗಿ, ಅಂಥ ನೀರನ್ನು ಹಲವು ವರ್ಷ ಬಳಸಿದರೆ ಎಲುಬು, ಕೀಲುಗಳು ಬಿಗಿಯುತ್ತವೆ. ಬಿಗಿದ ಎಲುಬನ್ನು ಮೊದಲಿನಂತೆ ಮಾಡುವ ಚಿಕಿತ್ಸೆ ಇಲ್ಲ; ತಡೆಯುವುದೇ ಮಾರ್ಗ. ತಡೆಯುವುದೆಂದರೆ ನೀರು ಬದಲಿಸುವುದು, ನೀರು ಬದಲಿಸಬೇಕಾದರೆ ಮಾತು ಮುಟ್ಟಬೇಕು. ಕೇಂದ್ರ ಸರ್ಕಾರ 2008-09ರಲ್ಲಿ ಫ್ಲೋರೋಸಿಸ್ ತಡೆ ಮತ್ತು ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದಾಗಿನಿಂದ ತಿಳಿವಳಿಕೆ ನೀಡುವುದು ಅದರ ಒಂದು ಮುಖ್ಯ ಅಂಗವಾಗಿದೆ. ಹಾಗಾದರೆ ಈ ತಿಳಿವಳಿಕೆಯ ಕನ್ನಡ ಹೇಗಿದೆ?

‘ಶುದ್ಧ’ ಮತ್ತು ‘ಕುಡಿಯುವ’

ಮೊದಲು ನಮ್ಮ ಹಳ್ಳಿಗಳಲ್ಲೆಲ್ಲ ಕಾಣುವ ಒಂದು ಫಲಕವನ್ನೇ ನೋಡೋಣ: ‘ಶುದ್ಧ ಕುಡಿಯುವ ನೀರಿನ ಘಟಕ’. ನಾಲ್ಕು ಪದಗಳಲ್ಲಿ ಎರಡು ದಾರಿ ತಪ್ಪಿಸುತ್ತವೆ.

‘ಶುದ್ಧ’ ಎಂಬುದಕ್ಕೆ ಜನರ ಮನಸ್ಸಿನಲ್ಲಿ ಈಗಾಗಲೇ ಅರ್ಥವಿದೆ. ತಿಳಿಯಾದದ್ದು, ವಾಸನೆಯಿಲ್ಲದ್ದು, ಹುಳುವಿಲ್ಲದ್ದು, ಮಡಿಯಾದದ್ದು ಶುದ್ಧ. ಫ್ಲೋರೈಡ್ ಇರುವ ನೀರು ಈ ಎಲ್ಲ ಪರೀಕ್ಷೆಗಳಲ್ಲೂ ಗೆಲ್ಲಬಲ್ಲದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಈ ಪ್ರಮಾಣದಲ್ಲಿ ನಾಲಿಗೆಗೆ ರುಚಿಯೂ ಸಿಗುವುದಿಲ್ಲ. ಸವುಳು ನೀರನ್ನು ನಾಲಿಗೆಯೇ ತಿರಸ್ಕರಿಸುತ್ತದೆ. ಸಿಹಿನೀರು ಎಂದು ಊರೇ ಮೆಚ್ಚುವ ಕೊಳವೆಬಾವಿಯಲ್ಲಿ ಫ್ಲೋರೈಡ್ ಮಿತಿ ಮೀರಿರಬಹುದು. ಆದ್ದರಿಂದ ‘ಶುದ್ಧ ನೀರು ಕುಡಿಯಿರಿ’ ಎಂಬ ಸಲಹೆ ಕೇಳಿದವರು ತಾವು ಕುಡಿಯುತ್ತಿರುವುದೂ ಶುದ್ಧವೇ ಎಂದುಕೊಂಡರೆ ತಪ್ಪು ಅವರದಲ್ಲ.

ಈ ಗೊಂದಲಕ್ಕೆ ಇನ್ನೊಂದು ಸೇರಿಕೊಳ್ಳುತ್ತದೆ. ಕಾಲರಾ, ವಾಂತಿಭೇದಿಗಳ ಕಾಲದಿಂದ ನಾವು ‘ನೀರನ್ನು ಸೋಸಿ, ಕುದಿಸಿ, ಆರಿಸಿ ಕುಡಿಯಿರಿ’ ಎಂದು ಹೇಳುತ್ತ ಬಂದಿದ್ದೇವೆ. ರೋಗಾಣುಗಳ ಮಟ್ಟಿಗೆ ಅದು ಸರಿಯಾದ ಸಲಹೆ. ಫ್ಲೋರೈಡ್ ಬಟ್ಟೆಯಲ್ಲಿ ಸೋಸಿದರೆ ಹೋಗದು, ಕುದಿಸಿದರೂ ಹೋಗದು. ಕುದಿಸಿದಾಗ ನೀರು ಆವಿಯಾಗುತ್ತದೆ, ಫ್ಲೋರೈಡ್ ಉಳಿಯುತ್ತದೆ. ಹಾಗಾಗಿ ಉಳಿದ ನೀರಿನಲ್ಲಿ ಅದರ ಸಾಂದ್ರತೆ ತುಸು ಹೆಚ್ಚುತ್ತದೆ. ಎರಡು ಅಪಾಯಗಳಿಗೂ ‘ಅಶುದ್ಧ’ ಎಂಬ ಒಂದೇ ಪದ ಬಳಸಿದರೆ, ಕೇಳಿದವರು ಒಂದರ ಪರಿಹಾರವನ್ನು ಇನ್ನೊಂದಕ್ಕೆ ಬಳಸುವುದು ಸಹಜ. ‘ರೋಗಾಣು ಇರುವ ನೀರು’, ‘ಫ್ಲೋರೈಡ್ ಇರುವ ನೀರು’ ಎಂದು ಎರಡನ್ನೂ ಬೇರೆ ಬೇರೆಯಾಗಿ ಹೆಸರಿಸುವುದೇ ನ್ಯಾಯ. ಫ್ಲೋರೈಡ್ ಎಂಬುದು ಹೊರಗಿನ ಪದವಾದರೂ ಅದನ್ನು ಹಾಗೆಯೇ ಉಳಿಸಿಕೊಂಡು ಒಂದು ಸಾಲಿನಲ್ಲಿ ವಿವರಿಸಬಹುದು: ‘ಇದು ಕಲ್ಲಿನಿಂದ ನೀರಿಗೆ ಇಳಿಯುವ ಒಂದು ಬಗೆಯ ಲವಣಾಂಶ, ಕಣ್ಣಿಗೆ ಕಾಣದು, ಕುದಿಸಿದರೆ ಹೋಗದು.’

‘ಕುಡಿಯುವ’ ಎಂಬ ಪದದ ತೊಂದರೆ ಇನ್ನೂ ಸೂಕ್ಷ್ಮ. ಘಟಕದಿಂದ ಹಣ ಕೊಟ್ಟು ತಂದ ಕ್ಯಾನಿನ ನೀರನ್ನು ಅದರ ಹೆಸರೇ ಹೇಳುವಂತೆ ಕುಡಿಯಲು ಮಾತ್ರ ಎತ್ತಿಟ್ಟು, ಅನ್ನ, ಬೇಳೆ, ನುಚ್ಚು, ರೊಟ್ಟಿಯ ಹಿಟ್ಟು, ಚಹಾಗಳಿಗೆ ಕೊಳವೆಬಾವಿಯ ನೀರನ್ನು ಬಳಸಿದರೆ ಫ್ಲೋರೈಡ್ ಅಡುಗೆಯ ಮೂಲಕ ಹೊಟ್ಟೆ ಸೇರುತ್ತದೆ. ಬೇಳೆ, ಅಕ್ಕಿಗಳು ಬೇಯುವಾಗ ನೀರನ್ನು ಹೀರಿಕೊಳ್ಳುತ್ತವೆ. ಚಹಾ ಸೊಪ್ಪಿನಲ್ಲಂತೂ ಸ್ವತಃ ಫ್ಲೋರೈಡ್ ಇದೆ. ‘ಕುಡಿಯಲು ಮತ್ತು ಅಡುಗೆಗೆ’ ಎಂದು ಎರಡು ಪದ ಹೆಚ್ಚು ಬರೆದರೆ ಫಲಕದ ಖರ್ಚು ಹೆಚ್ಚಾಗದು. ಹಾಗೆಯೇ ಕೊಳವೆಬಾವಿಯ ಪಕ್ಕದ ‘ಈ ನೀರು ಕುಡಿಯಲು ಯೋಗ್ಯವಲ್ಲ’ ಎಂಬ ಬರಹ ಬೇಡವೆನ್ನುತ್ತದೆಯೇ ಹೊರತು ದಾರಿ ತೋರಿಸುವುದಿಲ್ಲ. ಸ್ನಾನಕ್ಕೆ, ಬಟ್ಟೆ ಒಗೆಯಲು, ಪಾತ್ರೆ ತೊಳೆಯಲು ಈ ನೀರು ಆಗುತ್ತದೆ. ಕುಡಿಯಲು, ಅಡುಗೆಗೆ ಹೊಳೆ ನೀರಿನ ನಲ್ಲಿ ಅಥವಾ ಘಟಕ ಇಂಥಲ್ಲಿದೆ ಎಂದು ಬರೆದಾಗ ಮಾತ್ರ ಸೂಚನೆ ಪೂರ್ಣವಾಗುತ್ತದೆ.

ಹೆದರಿಸುವ ಪದ

ಗಮನ ಸೆಳೆಯಲೆಂದು ಕೆಲವರು ‘ವಿಷದ ನೀರು’, ‘ನಿಧಾನ ವಿಷ’ ಎಂದು ಬರೆಯುವುದುಂಟು. ಹತ್ತಿ, ಮೆಣಸಿನಕಾಯಿ ಬೆಳೆಯುವ ಈ ಸೀಮೆಯಲ್ಲಿ ವಿಷವೆಂದರೆ ಏನೆಂದು ಜನರಿಗೆ ಗೊತ್ತು. ಅದು ಕುಡಿದವರನ್ನು ಅಂದೇ ಕೊಲ್ಲುವ ವಸ್ತು. 30 ವರ್ಷ ಅದೇ ನೀರು ಕುಡಿದು ಬದುಕಿರುವ ಹಿರಿಯರು ಈ ಮಾತನ್ನು ನಂಬುವುದಿಲ್ಲ. ಉತ್ಪ್ರೇಕ್ಷೆಯ ಒಂದು ಪದಕ್ಕಾಗಿ ಸತ್ಯವಾದ ಇಡೀ ಸಂದೇಶ ನಂಬಿಕೆ ಕಳೆದುಕೊಳ್ಳುತ್ತದೆ. ಅಂಕಿಯನ್ನೂ ಹೆದರಿಸದೆ ಹೇಳಬಹುದು. ಲೀಟರಿಗೆ 1 ಮಿಲಿಗ್ರಾಂ ಎಂದರೆ 1,000 ಲೀಟರ್ ನೀರಿಗೆ 1 ಗ್ರಾಂ. 15 ಲೀಟರಿನ ಕೊಡದ ಲೆಕ್ಕದಲ್ಲಿ ಸುಮಾರು 67 ಕೊಡಗಳಿಗೆ 1 ಗ್ರಾಂ. ಇಷ್ಟು ಅಲ್ಪ ಪ್ರಮಾಣ ದಿನವೂ ಸೇರುತ್ತ ಹೋದಾಗ ಏನಾಗುತ್ತದೆ ಎಂದು ವಿವರಿಸಿದರೆ, ಹೆದರಿಕೆಗಿಂತ ಹೆಚ್ಚು ಕಾಲ ನಿಲ್ಲುವ ತಿಳಿವಳಿಕೆ ಹುಟ್ಟುತ್ತದೆ.

ಊರಿನ ಪದ, ಪುಸ್ತಕದ ಪದ

ಫ್ಲೋರೋಸಿಸ್‌ನ ಎರಡು ರೂಪಗಳಿಗೆ ‘ದಂತ ಫ್ಲೋರೋಸಿಸ್’, ‘ಅಸ್ಥಿ ಫ್ಲೋರೋಸಿಸ್’ ಎಂದು ಬರೆಯುವುದು ರೂಢಿ. ಪಠ್ಯಪುಸ್ತಕಕ್ಕೆ ಇದು ಸರಿ. ಆದರೆ ಊರಿನಲ್ಲಿ ‘ಅಸ್ಥಿ’ ಎಂಬ ಪದ ಕೇಳಿಬರುವುದು ಶವಸಂಸ್ಕಾರದ ನಂತರ, ಅದನ್ನು ಹೊಳೆಗೆ ಬಿಡುವ ಸಂದರ್ಭದಲ್ಲಿ. ಬದುಕಿರುವವರ ಮೈಯೊಳಗಿನದು ‘ಎಲುಬು’. ಬೆಂಗಳೂರು, ಮೈಸೂರು ಕಡೆಯ ಕರಪತ್ರದ ‘ಮೂಳೆ’ ಇಲ್ಲಿ ಅರ್ಥವಾಗದೆ ಇರದು. ಆದರೂ ತಮ್ಮ ಮಾತು ಎನಿಸದು. ಸೊಂಟಕ್ಕೆ ಇಲ್ಲಿ ಟೊಂಕ, ಮಂಡಿಗೆ ಮೊಣಕಾಲು, ಮಾತ್ರೆಗೆ ಗುಳಿಗೆ. ‘ಸೊಂಟ ಮತ್ತು ಮಂಡಿಗಳಲ್ಲಿ ಚಲನೆಯ ನಿರ್ಬಂಧ’ ಎಂದು ಬರೆದದ್ದನ್ನು ‘ಟೊಂಕ ಬಾಗದು, ಮೊಣಕಾಲು ಮಡಚಿ ಕೂರಲು ಬಾರದು’ ಎಂದರೆ ಕೇಳಿದವರು ತಮ್ಮ ಮೈಯನ್ನೇ ಪರೀಕ್ಷಿಸಿಕೊಳ್ಳಬಲ್ಲರು. ರೋಗಲಕ್ಷಣವನ್ನು ವಿವರಿಸುವ ಉದ್ದೇಶವೂ ಅದೇ ಅಲ್ಲವೇ?

ಹಾಗಾದರೆ ಕರಪತ್ರವನ್ನು ಪೂರ್ತಿ ಆಡುಮಾತಿನಲ್ಲೇ ಬರೆಯಬೇಕೆ? ಈ ಪ್ರಶ್ನೆ ಯೋಗ್ಯವಾದದ್ದು. ನಮ್ಮ ಸಿನಿಮಾ, ನಾಟಕಗಳಲ್ಲಿ ಉತ್ತರ ಕರ್ನಾಟಕದ ಆಡುಮಾತು ಅನೇಕ ವೇಳೆ ನಗಿಸಲೆಂದೇ ಬಳಕೆಯಾಗಿದೆ. ಸರ್ಕಾರಿ ಕಾಗದದಲ್ಲಿ ಅದನ್ನು ಅಚ್ಚು ಹಾಕಿದರೆ ತಮ್ಮನ್ನು ಅಣಕಿಸುತ್ತಿದ್ದಾರೆ ಎನಿಸಬಹುದು. ಉಚ್ಚಾರಣೆ ಊರಿಂದ ಊರಿಗೆ, ಜಾತಿಯಿಂದ ಜಾತಿಗೆ ಬೇರೆ, ಯಾರದನ್ನು ಬರೆಯುವುದು? ಆದ್ದರಿಂದ ವಾಕ್ಯರಚನೆ ಎಲ್ಲರಿಗೂ ಪರಿಚಿತವಾದ ಬರಹದ ಕನ್ನಡದಲ್ಲಿರಲಿ, ಮೈ, ಬೇನೆ, ಅಡುಗೆ, ನೀರಿಗೆ ಸಂಬಂಧಿಸಿದ ನಾಮಪದಗಳು ಊರಿನವಾಗಿರಲಿ. ಧ್ವನಿವರ್ಧಕದಲ್ಲಿ, ಬಾಗಿಲ ಮಾತಿನಲ್ಲಿ ಪೂರ್ತಿ ಆಡುಮಾತೇ ಬರಲಿ. “ಯಕ್ಕಾ, ಈ ನೀರು ಕುದಿಸಿದ್ರೂ ಫ್ಲೋರೈಡ್ ಹೋಗಂಗಿಲ್ಲ; ಕುಡಿಯಾಕೂ ಅಡಗಿಗೂ ಹೊಳಿ ನೀರ ತಗೋರಿ” ಎಂಬ ಮಾತಿನಲ್ಲಿ ವಿಜ್ಞಾನ ಯಾವುದೂ ಕಡಿಮೆಯಾಗಿಲ್ಲ. ಆಶಾ ಕಾರ್ಯಕರ್ತೆಯರ ಕೆಲಸದ ಒಂದು ಭಾಗವೇ ಇಂಥ ಅನುವಾದ. ಬರೆಯುವವರು ಅವರನ್ನು ಕೊನೆಯಲ್ಲಿ ಹಂಚಲು ಕರೆಯುವ ಬದಲು ಮೊದಲೇ ಬರೆಯಲು ಕರೆದರೆ ಅರ್ಧ ಸಮಸ್ಯೆ ತೀರುತ್ತದೆ. ತಾಂಡಾಗಳ ಲಂಬಾಣಿ, ಪಟ್ಟಣಗಳ ಉರ್ದು ಮನೆಮಾತಿನವರಿಗೂ, ಓದು ಬಾರದವರಿಗೂ, ಕಣ್ಣು ಕಾಣದವರಿಗೂ ಈ ಬಾಗಿಲ ಮಾತೇ ಆಧಾರ.

ವ್ಯಕ್ತಿಯನ್ನು ಕರೆಯುವ ಪದ

ಇಲ್ಲಿಯವರೆಗೆ ಅರ್ಥವಾಗದ ಪದಗಳನ್ನು ಕುರಿತು ಹೇಳಿದ್ದಾಯಿತು. ಚೆನ್ನಾಗಿ ಅರ್ಥವಾಗಿ ನೋಯಿಸುವ ಪದಗಳು ಇನ್ನೊಂದು ಬಗೆ. ಹಲ್ಲಿನ ಪಟ್ಟೆಯನ್ನು ‘ಕೊಳಕು ಹಲ್ಲು’ ಎಂದು ಕರೆಯುವಾಗ, ಉಜ್ಜದ ಸೋಮಾರಿತನ ಎಂಬ ಆರೋಪ ಒಳಗೇ ಇರುತ್ತದೆ. ಅದು ಉಜ್ಜಿದರೆ ಹೋಗುವ ಕೊಳೆಯಲ್ಲ. ಬಾಲ್ಯದಲ್ಲಿ ಕುಡಿದ ನೀರಿನ ಗುರುತು. ಮದುವೆಯ ವಯಸ್ಸಿನ ಹುಡುಗಿ ಬಾಯಿಗೆ ಸೆರಗು ಅಡ್ಡ ಹಿಡಿಯುವಂತೆ ಮಾಡುವ ಪದ ಆರೋಗ್ಯ ಸಾಹಿತ್ಯದಲ್ಲಿ ಇರಬಾರದು. ಬಾಗಿದ ಬೆನ್ನಿನವರ ಚಿತ್ರ ಹಾಕಿ ಕೆಳಗೆ ‘ಕುಂಟ’, ‘ಗೂನ’ ಎಂದು ಬರೆದರೆ ನೋಡುವವರಲ್ಲಿ ಅಂಥವರೇ ಇದ್ದಾರೆಂಬುದನ್ನು ಮರೆತಂತೆ. ಇಡೀ ಹಳ್ಳಿಗೆ ‘ಫ್ಲೋರೋಸಿಸ್ ಪೀಡಿತ ಗ್ರಾಮ’ ಎಂಬ ಹಣೆಪಟ್ಟಿ ಹಚ್ಚಿದರೆ ಆ ಊರಿಗೆ ಹೆಣ್ಣು ಕೊಡಲು, ತರಲು ಜನ ಹಿಂಜರಿಯಬಹುದು. ದೋಷ ಕೊಳವೆಬಾವಿಯದು, ಹೆಸರಿಸಬೇಕಾದದ್ದು ಅದನ್ನೇ.

ಗೌರವದ ಪದಗಳೂ ವಿಮರ್ಶೆಗೆ ಹೊರತಲ್ಲ. ‘ಅಂಗವಿಕಲ’ ಎಂಬುದರ ಬದಲು ಸರ್ಕಾರಿ ಬಳಕೆಗೆ ಬಂದ ‘ವಿಕಲಚೇತನ’ವನ್ನು ಬಿಡಿಸಿ ನೋಡಿದರೆ ಚೇತನವೇ ವಿಕಲವಾಗಿದೆ ಎಂದಾಗುತ್ತದೆ. ಮೊಣಕಾಲು ಬಿಗಿದವರ ಚೇತನಕ್ಕೆ ಏನಾಗಿದೆ? ಇಲಾಖೆಯ ಹೆಸರಿನಲ್ಲಿ, ಅರ್ಜಿಯಲ್ಲಿ ಅದು ಬೇಕಾಗಬಹುದು. ಮಾಹಿತಿ ನೀಡುವಾಗ ‘ನಡೆಯಲು ಕಷ್ಟವಿರುವವರು’ ಎಂಬುದೇ ನೇರ ಮತ್ತು ನಿರಪಾಯ. ಇಲ್ಲಿ ಕನ್ನಡದ ವ್ಯಾಕರಣವೇ ನಮಗೆ ಸಹಾಯಕ. ‘ಇರುವವರು’ ಎಂದಾಗ ಗಂಡು, ಹೆಣ್ಣು ಎಂಬ ಭೇದವಿಲ್ಲ, ಗೌರವವಿದೆ, ರೋಗಕ್ಕಿಂತ ಮನುಷ್ಯರು ದೊಡ್ಡವರಾಗಿ ನಿಲ್ಲುತ್ತಾರೆ. ಹೀಗಿದ್ದೂ ‘ರೋಗಿಯು... ಅವನು...’ ಎಂದು ಬರೆಯುವ ಚಟ, ‘ತಾಯಂದಿರೇ, ನೀರಿನ ಬಗ್ಗೆ ಎಚ್ಚರ ವಹಿಸಿ’ ಎಂದು ಹೊಣೆಯನ್ನೆಲ್ಲ ಹೆಂಗಸರ ತಲೆಗೆ ಕಟ್ಟುವ ಚಟ ಎರಡೂ ಉಳಿದುಕೊಂಡಿವೆ. ನೀರು ತರುವ ಹೊಣೆ ಮನೆಯವರೆಲ್ಲರದು.

ಇದು ಫ್ಲೋರೈಡ್ ಒಂದರ ಪ್ರಶ್ನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಕ್ಷಯದ ವ್ಯಾಖ್ಯೆಗಳನ್ನು ಪರಿಷ್ಕರಿಸಿದಾಗ ‘ಶಂಕಿತ’ ಎಂಬರ್ಥದ ಇಂಗ್ಲಿಷ್ ಪದವನ್ನು ಕೈಬಿಟ್ಟಿತು. ಕನ್ನಡದಲ್ಲಿ ‘ಶಂಕಿತ’ ಇನ್ನೂ ಆರೋಗ್ಯದ ಸುದ್ದಿಗಳಲ್ಲಿದೆ. ಅದೇ ಪದ ಅಪರಾಧದ ಸುದ್ದಿಗಳಲ್ಲೂ ಇದೆ. ಎರಡು ವಾರ ಮೀರಿ ಕೆಮ್ಮುವವರನ್ನು ಪೊಲೀಸ್ ಠಾಣೆಯ ಪದದಿಂದ ಕರೆದರೆ ಅವರು ಕಫ ಪರೀಕ್ಷೆಗೆ ಬರುವರೆ? ‘ಕ್ಷಯದ ಲಕ್ಷಣ ಇರುವವರು’ ಎಂದರೆ ಸಾಕು. 2020ರಲ್ಲಿ ಕೋವಿಡ್ ಬಂದಾಗ ‘ಸಾಮಾಜಿಕ ಅಂತರ’ ಎಂಬ ಅನುವಾದ ಒಂದೆರಡು ವಾರದಲ್ಲೇ ಊರೂರು ಸೇರಿತು. ಆ ವರ್ಷದ ಮಾರ್ಚ್‌ನಲ್ಲೇ ವಿಶ್ವ ಆರೋಗ್ಯ ಸಂಸ್ಥೆ ‘ದೈಹಿಕ ಅಂತರ’ ಎಂಬ ಅರ್ಥದ ಪದಕ್ಕೆ ಬದಲಾಯಿಸಿಕೊಂಡರೂ ನಮ್ಮ ಫಲಕಗಳು ಬದಲಾಗಲಿಲ್ಲ. ಮುಟ್ಟಬೇಡ, ದೂರ ನಿಲ್ಲು ಎಂಬುದನ್ನು ತಲೆಮಾರುಗಳಿಂದ ಅನುಭವಿಸಿದ ಕೇರಿಗಳಿರುವ ನಾಡಿನಲ್ಲಿ ಸಾಮಾಜಿಕ ಅಂತರವನ್ನು ಕಾಪಾಡಿ ಎಂದು ಕರೆ ಕೊಟ್ಟದ್ದು ಪದಪ್ರಯೋಗದ ದೊಡ್ಡ ವೈಫಲ್ಯ. ‘ಒಬ್ಬರಿಂದೊಬ್ಬರು ಒಂದು ಮಾರು ದೂರ ನಿಲ್ಲಿ’ ಎಂದಿದ್ದರೆ ಅಳತೆಯೂ ಸಿಗುತ್ತಿತ್ತು, ನೋವೂ ಆಗುತ್ತಿರಲಿಲ್ಲ.

ಒಂದು ಸರಳ ಪರೀಕ್ಷೆ

ಸರಳ ಪದಗಳಿಂದ ನಿಖರತೆ ಕೆಡುತ್ತದೆ ಎಂಬ ಆಕ್ಷೇಪ ಹಳೆಯದು. ಮೇಲಿನ ಉದಾಹರಣೆಗಳು ಇದಕ್ಕೆ ವಿರುದ್ಧವಾದುದನ್ನೇ ತೋರಿಸುತ್ತವೆ. ‘ಶುದ್ಧ’ಕ್ಕಿಂತ ‘ಫ್ಲೋರೈಡ್ ಕಡಿಮೆ ಇರುವ’ ಎಂಬುದು ನಿಖರ. ‘ಕುಡಿಯುವ’ ಎಂಬುದಕ್ಕಿಂತ ‘ಕುಡಿಯಲು ಮತ್ತು ಅಡುಗೆಗೆ’ ನಿಖರ. ‘ಶಂಕಿತ’ಕ್ಕಿಂತ ‘ಲಕ್ಷಣ ಇರುವವರು’ ನಿಖರ. ಸರಳಗೊಳಿಸುವಾಗ ಬರೆಯುವವರೇ ತಮ್ಮ ವಿಷಯವನ್ನು ಇನ್ನೊಮ್ಮೆ ಸರಿಯಾಗಿ ತಿಳಿಯಬೇಕಾಗುತ್ತದೆ. ಕಷ್ಟವಿರುವುದು ಅಲ್ಲಿ.

ಅಚ್ಚಿಗೆ ಹೋಗುವ ಮೊದಲು ಕರಡನ್ನು ಆಯಾ ಊರಿನ ಮೂರು ಜನರಿಗೆ, ಅವರಲ್ಲಿ ಒಬ್ಬರಾದರೂ ಓದು ಬಾರದವರಿಗೆ, ಗಟ್ಟಿಯಾಗಿ ಓದಿ ಹೇಳಬೇಕು. ‘ಅರ್ಥವಾಯಿತೇ?’ ಎಂದು ಕೇಳಬಾರದು. ಆ ಪ್ರಶ್ನೆಗೆ ಎಲ್ಲರೂ ಹೌದು ಎನ್ನುತ್ತಾರೆ. ‘ನಾಳೆ ಬೆಳಿಗ್ಗೆ ಚಹಾಕ್ಕೆ ಯಾವ ನೀರು ಇಡುತ್ತೀರಿ?’ ಎಂದು ಕೇಳಬೇಕು. ಸರಿಯಾದ ಉತ್ತರ ಬರುವವರೆಗೆ ತಿದ್ದಬೇಕಾದದ್ದು ಕರಡನ್ನು, ಕೇಳುಗರನ್ನಲ್ಲ. ಇದಕ್ಕೆ ಬೇಕಾಗುವುದು ಒಂದು ಮಧ್ಯಾಹ್ನದ ಸಮಯ. ಇನ್ನೂ ಹಾಲುಹಲ್ಲಿನಲ್ಲಿರುವ ಮಕ್ಕಳಿಗೆ ಆ ಒಂದು ಮಧ್ಯಾಹ್ನದಿಂದ ಜೀವಮಾನದ ಪ್ರಯೋಜನವಿದೆ.