ಎಂಜಿನ್ ಉಸಿರಾಡುವ ಸದ್ದು: ಕೋಲ್ಡ್ ಏರ್ ಇನ್‌ಟೇಕ್ ರಸಿಕರಿಗೊಂದು ಕೈಪಿಡಿ

ಎಂಜಿನ್ನಿಗೆ ಗಾಳಿ ಒದಗಿಸಲು ಕಂಪನಿಯೇ ಇಟ್ಟ ಪ್ಲಾಸ್ಟಿಕ್ ಪೆಟ್ಟಿಗೆ ಮತ್ತು ಕೊಳವೆಯನ್ನು ತೆಗೆದು, ಆ ಜಾಗದಲ್ಲಿ ಕೂರಿಸುವ ಕಿಟ್ಟೇ ಕೋಲ್ಡ್ ಏರ್ ಇನ್‌ಟೇಕ್. ಒಳಮೈ ನುಣುಪಾದ ಅಗಲ ಪೈಪು, ಶಂಕುವಿನಾಕಾರದ ಫಿಲ್ಟರ್, ಕೆಲವು ಕಿಟ್‌ಗಳಲ್ಲಿ ಬಿಸಿ ತಡೆಯುವ ತಗಡು: ಇಷ್ಟೇ ಇದರ ಭಾಗಗಳು. ಕಡಿಮೆ ಖರ್ಚಿನಲ್ಲಿ ಕಾರು ಮಾಡಿಫೈ ಮಾಡಲು ಹೊರಟವರು ಮೊದಲು ಕೈಹಾಕುವುದು ಹೆಚ್ಚಾಗಿ ಇದಕ್ಕೇ. ಪುಣೆಯಲ್ಲಿ ಈ ಗೀಳು ಬೆಳೆಯಲು ನೆಲವೂ ಹದವಾಗಿದೆ. ಪಿಂಪ್ರಿಯಲ್ಲಿ ಟಾಟಾ, ಚಾಕಣದಲ್ಲಿ ಫೋಕ್ಸ್‌ವ್ಯಾಗನ್, ರಾಂಜಣಗಾಂವ್‌ನಲ್ಲಿ ಫಿಯೆಟ್ ಕಾರ್ಖಾನೆ ಇರುವ ಊರಿದು. ದೇಶದ ವಾಹನಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ಎಆರ್‌ಎಐ 1966ರಲ್ಲಿ ಸ್ಥಾಪನೆಯಾದದ್ದೂ ಇಲ್ಲೇ.

ಇದರ ಹಿಂದಿರುವ ಭೌತಶಾಸ್ತ್ರ ಸುಳ್ಳಲ್ಲ. ಒಂದು ಲೀಟರ್ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 11 ಕಿಲೋ ಗಾಳಿ ಬೇಕು. ಗಾಳಿ ಬಿಸಿಯಾದಷ್ಟೂ ತೆಳುವಾಗುತ್ತದೆ: 35 ಡಿಗ್ರಿಯ ಗಾಳಿಗಿಂತ 65 ಡಿಗ್ರಿಯ ಗಾಳಿಯ ಸಾಂದ್ರತೆ ಶೇ. 9ರಷ್ಟು ಕಡಿಮೆ. ಬಾನೆಟ್ಟಿನೊಳಗಿನ ಬಿಸಿಗಾಳಿಯ ಬದಲು ಹೊರಗಿನ ತಂಪುಗಾಳಿ ಸಿಕ್ಕರೆ ಪ್ರತಿ ಹೊಡೆತಕ್ಕೂ ಹೆಚ್ಚು ಆಮ್ಲಜನಕ, ಅದಕ್ಕೆ ತಕ್ಕ ಇಂಧನ, ಅದಕ್ಕೆ ತಕ್ಕ ಶಕ್ತಿ. ಕಾರ್ಬ್ಯುರೇಟರ್ ಕಾಲದಲ್ಲಿ ಈ ಲೆಕ್ಕಕ್ಕೆ ತೂಕವಿತ್ತು. ಆಗಿನ ಎಷ್ಟೋ ಕಾರುಗಳಲ್ಲಿ ಏರ್ ಕ್ಲೀನರ್ ಎಂಜಿನ್ನಿನ ನೆತ್ತಿಯ ಮೇಲೇ ಕೂತು ಅಲ್ಲಿನ ಬಿಸಿಯನ್ನೇ ಹೀರುತ್ತಿತ್ತು. 1960ರ ದಶಕದಲ್ಲಿ ಅಮೆರಿಕದ ಪಾಂಟಿಯಾಕ್ ಕಂಪನಿ ಬಾನೆಟ್ಟಿನ ಮೇಲಿನ ಕಿಂಡಿಯಿಂದ ಗಾಳಿ ಎಳೆಯುವ ‘ರ‍್ಯಾಮ್ ಏರ್’ ವ್ಯವಸ್ಥೆಯನ್ನು ತಾನೇ ಮಾರಿತು.

ಇಂದಿನ ಕಾರುಗಳ ಕಥೆ ಬೇರೆ. ಬಹುತೇಕ ಕಾರುಗಳಲ್ಲಿ ಕಂಪನಿಯ ಕೊಳವೆಯ ಬಾಯಿ ಗ್ರಿಲ್ಲಿನ ಹಿಂದೆಯೋ ಹೆಡ್‌ಲೈಟಿನ ಪಕ್ಕದಲ್ಲೋ ಇದ್ದು, ಆಗಲೇ ಹೊರಗಿನ ಗಾಳಿಯನ್ನು ಸೆಳೆಯುತ್ತಿರುತ್ತದೆ. ಅದನ್ನು ಕಿತ್ತು ಬಾನೆಟ್ಟಿನೊಳಗೆ ಓಪನ್ ಫಿಲ್ಟರ್ ತೂಗಿಬಿಟ್ಟರೆ ತಂಪುಗಾಳಿ ಬರುವ ದಾರಿಯನ್ನು ಮುಚ್ಚಿ ಬಿಸಿಗಾಳಿಗೆ ಬಾಗಿಲು ತೆರೆದಂತಾಗುತ್ತದೆ. ಅಗ್ಗದ ಕಿಟ್‌ಗಳಲ್ಲಿ ಹೆಚ್ಚಿನವು ಹೀಗೇ ಇರುತ್ತವೆ. ಇದನ್ನು ಪರೀಕ್ಷಿಸಲು ಕಾರಿನ ದೋಷಪತ್ತೆಯ ಓಬಿಡಿ ಪೋರ್ಟಿಗೆ ಸಿಕ್ಕಿಸುವ ಚಿಕ್ಕ ಸ್ಕ್ಯಾನರ್ ಸಾಕು; ಒಳಬರುವ ಗಾಳಿಯ ಉಷ್ಣತೆ ಮೊಬೈಲಿನಲ್ಲೇ ಕಾಣುತ್ತದೆ. ಹಿಂಜವಡಿಯ ಟ್ರಾಫಿಕ್ಕಿನಲ್ಲಿ ತೆವಳುವಾಗ ಒಂದು ಸಲ, ಕಾತ್ರಜ್ ಬೈಪಾಸಿನಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಇನ್ನೊಂದು ಸಲ ಅಳೆದು, ಹೊರಗಿನ ಉಷ್ಣತೆಯೊಂದಿಗೆ ಹೋಲಿಸಿದರೆ ಕಿಟ್ಟಿನ ಯೋಗ್ಯತೆ ತಿಳಿಯುತ್ತದೆ. ಓಡುವ ಕಾರಿನಲ್ಲಿ ಕಂಪನಿ ಪೆಟ್ಟಿಗೆಯೇ ಹೊರಗಿನ ಉಷ್ಣತೆಗೆ ಹತ್ತಿರವಿದ್ದರೆ ಕಿಟ್ ಗೆಲ್ಲಲು ಏನೂ ಉಳಿದಿಲ್ಲ. ಟರ್ಬೊ ಕಾರಿನಲ್ಲಂತೂ ಗಾಳಿಯನ್ನು ತಣಿಸುವ ಮುಖ್ಯ ಕೆಲಸ ಇಂಟರ್‌ಕೂಲರಿನದು. ಊರಿನೊಳಗೆ ಥ್ರಾಟಲ್ ಅರೆಬರೆ ತೆರೆದಿರುವಾಗ ಗಾಳಿಗೆ ದೊಡ್ಡ ಅಡ್ಡಿ ಥ್ರಾಟಲ್ಲೇ ಹೊರತು ಫಿಲ್ಟರ್ ಅಲ್ಲ. ಸಮುದ್ರಮಟ್ಟದಿಂದ ಸುಮಾರು 560 ಮೀಟರ್ ಎತ್ತರದ ಪುಣೆಯ ಗಾಳಿ ಮುಂಬೈಯದಕ್ಕಿಂತ ತುಸು ತೆಳು. ಅದನ್ನು ಯಾವ ಪೈಪೂ ದಪ್ಪ ಮಾಡಲಾರದು.

ಹಾಗಾದರೆ ರಸಿಕ ಸವಿಯುವುದು ಏನನ್ನು? ಸದ್ದನ್ನು. ಇದು ಸಣ್ಣ ಸುಖವಲ್ಲ, ಆದರೆ ಕಿವಿ ಪಳಗಬೇಕು. ಪಿಸ್ಟನ್ ಗಾಳಿ ಎಳೆದಾಗಲೆಲ್ಲ ಒತ್ತಡದ ಅಲೆಯೊಂದು ಪೈಪಿನಲ್ಲಿ ಹಿಮ್ಮುಖವಾಗಿ ಸಾಗಿ ಹೊರಬೀಳುತ್ತದೆ. ನಿಮಿಷಕ್ಕೆ 3000 ಸುತ್ತಿನಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್ ಸೆಕೆಂಡಿಗೆ 100 ಸಲ, ಮೂರು ಸಿಲಿಂಡರಿನದು 75 ಸಲ ಹೀಗೆ ಎಳೆಯುತ್ತದೆ; ಎರಡನೆಯದು ಗಂಡು ತಂಬೂರಿಯ ಖರ್ಜದ ತಂತಿಯ ಆಸುಪಾಸಿನ ಸ್ವರ. ಕಂಪನಿಯ ಕೊಳವೆಗೆ ಅಂಟಿದ ಖಾಲಿ ಡಬ್ಬಿಗಳು ವ್ಯರ್ಥವಲ್ಲ. ಅವು ರೆಸೊನೇಟರ್‌ಗಳು, ಹೆಲ್ಮ್‌ಹೋಲ್ಟ್ಸ್‌ನ ತತ್ತ್ವದಂತೆ ಆಯ್ದ ಸ್ವರಗಳನ್ನು ನುಂಗುತ್ತವೆ. ಕಿಟ್ ಹಾಕಿದಾಗ ಕೇಳುವ ಘರ್ಜನೆ ಹೊಸದಾಗಿ ಹುಟ್ಟಿದ್ದಲ್ಲ, ಆವರೆಗೆ ಅಡಗಿದ್ದದ್ದು.

ಬೆಳಗಾವಿಯ ಕಡೆ ಹೊರಟವರು ದಾಟುವ ಖಂಬಾಟಕಿ ಘಾಟಿಯ ಏರು ಇದನ್ನು ಕೇಳಲು ಒಳ್ಳೆಯ ಜಾಗ. ಮೂರನೇ ಗೇರಿನಲ್ಲಿ, ಅದೇ 3000 ಸುತ್ತಿನಲ್ಲಿ, ಆಕ್ಸಿಲರೇಟರ್ ಒತ್ತಿದಂತೆ ಸದ್ದು ತುಂಬಿ ಬರುತ್ತದೆ, ಕಾಲೆತ್ತಿದರೆ ಅಡಗುತ್ತದೆ. ಸೈಲೆನ್ಸರಿನ ಸದ್ದು ಬೆನ್ನಿಗೆ ಕೇಳಿದರೆ ಇದು ಮುಂದಿನಿಂದ, ಡ್ಯಾಶ್‌ಬೋರ್ಡಿನಾಚೆಯಿಂದ ಬರುತ್ತದೆ. ಒಳ್ಳೆಯ ಜೋಡಣೆಯಲ್ಲಿ ಸದ್ದು ಕಾಲಿನ ಜೊತೆಗೇ ಒಂದೇ ಸಮ ಏರುತ್ತದೆ. ಒಂದೇ ವೇಗದಲ್ಲಿ ತಲೆ ತಿನ್ನುವ ಗುಂಯ್‌ಗುಟ್ಟುವಿಕೆ ಇದ್ದರೆ ಪೈಪಿನ ಉದ್ದ ಹೊಂದಿಲ್ಲ. ಸಣ್ಣ ಸಿಳ್ಳೆ ಕೇಳಿದರೆ ಎಲ್ಲೋ ಕ್ಲಾಂಪ್ ಸಡಿಲವಾಗಿ, ಶೋಧಿಸದ ಗಾಳಿ ಒಳನುಗ್ಗುತ್ತಿದೆ. ಜೋರು ಸದ್ದನ್ನು ಮನಸ್ಸು ಹೆಚ್ಚು ಪಿಕಪ್ ಎಂದು ನಂಬಿಬಿಡುತ್ತದೆ. ಅದನ್ನು ತೀರ್ಮಾನಿಸುವ ಕೆಲಸ ಕಿವಿಯದಲ್ಲ, ಸ್ಟಾಪ್‌ವಾಚಿನದು.

ಅಪಾಯಗಳಲ್ಲಿ ಮಳೆ ಮೊದಲನೆಯದು. ಫಿಲ್ಟರನ್ನು ಬಂಪರಿನ ಕೆಳಕ್ಕೆ ಇಳಿಸುವ ಉದ್ದ ಪೈಪು ನಿಜಕ್ಕೂ ತಂಪುಗಾಳಿ ತರುತ್ತದೆ. ಆದರೆ ಜುಲೈನಲ್ಲಿ ನೀರು ನಿಂತ ರಸ್ತೆಯಲ್ಲಿ ಅದೇ ಪೈಪು ನೀರನ್ನೂ ಹೀರಬಲ್ಲದು. ಪಿಸ್ಟನ್ ನೀರನ್ನು ಅದುಮಲಾರದು. ಆ ಒತ್ತಡಕ್ಕೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಾಗಿದರೆ ಎಂಜಿನ್ ಬಿಚ್ಚಬೇಕು. ಎರಡನೆಯದು ಎಣ್ಣೆ ಸವರಿದ ಹತ್ತಿಯ ಫಿಲ್ಟರ್. ತೊಳೆದ ಮೇಲೆ ಎಣ್ಣೆ ಹೆಚ್ಚಾದರೆ ಗಾಳಿ ಅಳೆಯುವ ಸೆನ್ಸರಿನ ತಂತಿಗೆ ಅಂಟಿ ಲೆಕ್ಕ ತಪ್ಪಿಸುತ್ತದೆ. ಕಡಿಮೆಯಾದರೆ ದೂಳು ಒಳಹೋಗುತ್ತದೆ.

ಹಣ ಕಡಿಮೆಯಿದ್ದವರಿಗೆ ಕೆಲವು ನೂರು ರೂಪಾಯಿಯ ಹೊಸ ಕಾಗದದ ಫಿಲ್ಟರ್ ಮೊದಲು, ಒಳ್ಳೆಯ ಟೈರ್ ಮತ್ತು ಬ್ರೇಕ್ ಪ್ಯಾಡ್ ಆಮೇಲೆ. ಸದ್ದಿಗಾಗಿಯೇ ಕಿಟ್ ಕೊಳ್ಳುವವರು ಸುತ್ತ ಪೂರ್ತಿ ಮುಚ್ಚಿದ, ಗಾಳಿಯ ಬಾಯಿಯನ್ನು ಕಂಪನಿಯ ಎತ್ತರದಲ್ಲೇ ಉಳಿಸಿಕೊಂಡ ಪೆಟ್ಟಿಗೆಯನ್ನು ಆರಿಸುವುದು ಲೇಸು, ದುಬಾರಿಯಾದರೂ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ನಿಯಮಗಳು ಒಪ್ಪದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗಿನ ಸೆರೆ, ಅಥವಾ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಎರಡೂ ಆಗಬಹುದು. ಆದ್ದರಿಂದ ತೆಗೆದ ಕಂಪನಿ ಪೆಟ್ಟಿಗೆಯನ್ನು ಗುಜರಿಗೆ ಹಾಕದೆ, ತಿರುಗಿ ಜೋಡಿಸಲು ಬರುವಂತೆ ಸ್ಕ್ರೂ, ಕ್ಲಿಪ್ಪುಗಳ ಸಮೇತ ಎತ್ತಿಡುವುದು ವಾಡಿಕೆ.