ಸವಾಯಿಯ ಬಯಲು

ಪುಣೆಯ ಸವಾಯಿ ಗಂಧರ್ವ ಮಹೋತ್ಸವದ ಮಾತು ಬಂದಾಗಲೆಲ್ಲ ನಾವು ಕನ್ನಡಿಗರು ಹೆಮ್ಮೆಯ ಒಂದು ಮಾತು ಸೇರಿಸಿಬಿಡುತ್ತೇವೆ: ಗುರು ಕುಂದಗೋಳದವರು, ಶಿಷ್ಯ ಗದಗಿನವರು. ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಂತರೆ ಆ ಉತ್ಸವ ನಮಗೆ ಅರ್ಥವಾಗಿಲ್ಲ ಎಂದೇ ಹೇಳಬೇಕು. ಅದನ್ನು ಸಾಕಿದ್ದು ಪುಣೆಯ ಕೇಳುಗ. ಆ ಕೇಳುಗನನ್ನು ತಯಾರು ಮಾಡಿದ್ದು ಮರಾಠಿ ಸಂಗೀತ ನಾಟಕ.

ರಾಮಭಾವು ಕುಂದಗೋಳಕರ್ ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯರು. ಆದರೂ ಜನ ಅವರನ್ನು ಸವಾಯಿ ಗಂಧರ್ವ ಎಂದು ಕರೆದದ್ದು ಅವರು ಸ್ತ್ರೀಪಾತ್ರ ಹಾಕಿ ಹಾಡಿದ ನಾಟಕಗಳ ಕಾಲದಲ್ಲಿ. 1952ರಲ್ಲಿ ಅವರು ತೀರಿಕೊಂಡರು. ಮರುವರ್ಷ ಆರ್ಯ ಸಂಗೀತ ಪ್ರಸಾರಕ ಮಂಡಳದ ಮೂಲಕ ಭೀಮಸೇನ ಜೋಶಿಯವರು ಗುರುಸ್ಮರಣೆಯ ಈ ಉತ್ಸವ ಶುರುಮಾಡಿದರು. ಮುಂದೆ ಅದು ಶಾಲೆಯ ಮೈದಾನದ ಪೆಂಡಾಲಿಗೆ ಬಂತು. ಸಾವಿರಗಟ್ಟಲೆ ಜನ ಡಿಸೆಂಬರಿನ ಚಳಿಯಲ್ಲಿ ಶಾಲು ಹೊದ್ದು ಬೆಳಗಿನವರೆಗೆ ಕೂತರು.

ಖ್ಯಾಲ್ ಬೈಠಕ್ಕಿನ ಸಂಗೀತ, ಬಯಲಿಗೆ ತಂದರೆ ಕೆಡುತ್ತದೆ ಎಂಬ ದೂರು ಹಳೆಯದು. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಕಿರಾಣಾದ ಜೀವ ಇರುವುದು ವಿಲಂಬಿತದಲ್ಲಿ ಒಂದೊಂದೇ ಸ್ವರವನ್ನು ಬಿಡಿಸುವ ಬಢತ್‌ನಲ್ಲಿ. ಭೀಮಸೇನರ ಕಛೇರಿಗಳ ಧ್ವನಿಮುದ್ರಣ ಕೇಳಿ: ತಾರಷಡ್ಜ ಮುಟ್ಟುವ ಮೊದಲು ಅವರು ಎಷ್ಟು ಹೊತ್ತು ಕಾಯಿಸುತ್ತಾರೆ! ದೊಡ್ಡ ಸಭೆ ಆ ಕಾಯುವಿಕೆಯನ್ನು ತಾಳಿಕೊಂಡಿತಷ್ಟೇ ಅಲ್ಲ, ಅದಕ್ಕೆ ಬಲ ಕೊಟ್ಟಿತು. ನಾಟ್ಯಗೀತೆಗಾಗಿ ರಾತ್ರಿಯಿಡೀ ಕೂತು ಅಭ್ಯಾಸವಿದ್ದ ಊರಿಗೆ ಇದು ಹೊಸತೇನಲ್ಲ. ತಾನ್‌ಗಳಿಗೆ ಚಪ್ಪಾಳೆ ಬೀಳುತ್ತದೆಂದು ತಾನ್‌ಗಳನ್ನೇ ಸುರಿಯುವ ಚಟವೂ ಅಲ್ಲೇ ಬೆಳೆಯಿತು, ಅದನ್ನು ಮುಚ್ಚಿಡಬೇಕಿಲ್ಲ.

ನಿಜವಾದ ನಷ್ಟ ಬೇರೆ ಕಡೆಯಿಂದ ಬಂತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕವನ್ನು ನಿಷೇಧಿಸಿದವು. ವಿಶೇಷ ಅನುಮತಿ ಸಿಕ್ಕ ದಿನ ಮಧ್ಯರಾತ್ರಿಯವರೆಗೆ ಅವಕಾಶ. ಪಕ್ಕದ ಮನೆಯ ರೋಗಿಗೆ ನಿದ್ದೆ ಬೇಕು, ಆ ಕಾನೂನಿನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹಿಂದುಸ್ತಾನಿ ರಾಗಗಳಿಗೆ ಹೊತ್ತುಂಟು. ನಡುರಾತ್ರಿಯ ದರಬಾರಿ, ಅದು ಕಳೆದು ಲಲಿತ, ಬೆಳಕು ಹರಿದ ಮೇಲೆ ತೋಡಿ: ಈ ಸಾಲು ಸರಿಯುವುದನ್ನು ಒಂದೇ ಕಡೆ ಕೂತು ಕೇಳುವುದೇ ಅಹೋರಾತ್ರಿ ಉತ್ಸವದ ಸುಖವಾಗಿತ್ತು. ಕೊನೆಯ ರಾತ್ರಿ ಕಳೆದು ಬೆಳಗಿನಲ್ಲಿ ಭೀಮಸೇನರು ಹಾಡಿ ಮುಗಿಸುವ ವಾಡಿಕೆಗೆ ತೂಕ ಬಂದದ್ದೂ ಹಾಗೆಯೇ. ಈಗ ಮಧ್ಯಾಹ್ನವೇ ಶುರುವಾಗುವುದರಿಂದ ಮುಲ್ತಾನಿ, ಪೂರಿಯಾ ಧನಾಶ್ರೀಗಳಿಗೆ ಜಾಗ ಸಿಕ್ಕಿದೆ. ಅದು ಲಾಭವೇ. ಆದರೆ ಒಂದೇ ಸಂಜೆಗೆ ನಾಲ್ಕೈದು ಕಲಾವಿದರು, ಎಲ್ಲರ ಕಣ್ಣೂ ಗಡಿಯಾರದ ಮೇಲೆ. ಬಢತ್ ಮೊಟಕಾದರೆ ಕಿರಾಣಾದ ಗುರುವಿನ ಹೆಸರಿನ ವೇದಿಕೆಯಲ್ಲೇ ಕಿರಾಣಾಕ್ಕೆ ಉಸಿರಾಡಲು ಎಡೆಯಿಲ್ಲದಂತಾಗುತ್ತದೆ. ದಿನಕ್ಕೆ ಇಬ್ಬರೇ ಸಾಕು ಎನ್ನುವ ಧೈರ್ಯ ಸಂಘಟಕರಿಗೆ ಬರಬೇಕು. ಟಿಕೆಟ್ಟು ಕೊಂಡವರು ಗೊಣಗಲಿ.

ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಪಾಠ ಹೇಳಿಸಿಕೊಳ್ಳುತ್ತಿದ್ದರು. ಪಾಠ ಮುಗಿಯುವ ಹೊತ್ತನ್ನು ಗುರು ನಿರ್ಧರಿಸುತ್ತಿದ್ದರೇ ಹೊರತು ಕೈಗಡಿಯಾರವಲ್ಲ. ಆ ಊರಿನ ನಾಡಿಗೇರ ವಾಡೆಯಲ್ಲೂ ಗುರುವಿನ ಹೆಸರಲ್ಲಿ ಸಂಗೀತೋತ್ಸವ ನಡೆಯುತ್ತದೆ. ಪುಣೆಯ ಹಿರಿಮೆಯನ್ನು ಹೇಳಿಕೊಳ್ಳುವ ನಮ್ಮಲ್ಲಿ ಎಷ್ಟು ಜನ ಆ ವಾಡೆಯ ಹೊಸ್ತಿಲು ತುಳಿದಿದ್ದೇವೆ?

ಭೀಮಸೇನರು ಇರುವವರೆಗೆ ಉತ್ಸವಕ್ಕೆ ಇದ್ದದ್ದು ಗುರುವಿನ ಹೆಸರು ಮಾತ್ರ. 2011ರ ಜನವರಿಯಲ್ಲಿ ಅವರು ತೀರಿಕೊಂಡ ಮೇಲೆ ಅದು ಸವಾಯಿ ಗಂಧರ್ವ ಭೀಮಸೇನ ಮಹೋತ್ಸವವಾಯಿತು. ಶಿಷ್ಯನ ಸಂಕೋಚವನ್ನು ಹಾಗೇ ಉಳಿಸಿದ್ದರೆ ಚೆನ್ನಾಗಿತ್ತು ಅನ್ನಿಸುತ್ತದೆ ನನಗೆ. ಪುಣೆಯವರಿಗಂತೂ ಅಷ್ಟುದ್ದದ ಹೆಸರು ಬೇಕಿಲ್ಲ. ಅವರ ಬಾಯಲ್ಲಿ ಅದು ಬರೀ ‘ಸವಾಯಿ’, ಎಂದರೆ ಒಂದೂಕಾಲು.